ಪಿಶಾಚಿ ಸುಮ್ಮನಿದ್ದ ಹದಿನಾಲ್ಕು ಸೆಕೆಂಡು

೨೦೧೪ರಲ್ಲಿ ನಾನು ಕ್ವಾಲಾಲಂಪುರದ ಒಂದು ಸಣ್ಣ ಖಾಸಗಿ ರೇಡಿಯೋ ಕೇಂದ್ರದಲ್ಲಿ ಹಿರಿಯ ಧ್ವನಿ ಎಂಜಿನಿಯರ್ ಆಗಿದ್ದೆ. ‘ಹಿರಿಯ’ ಎಂಬ ವಿಶೇಷಣಕ್ಕೆ ಕಾರಣ, ಅಲ್ಲಿ ಕಿರಿಯರು ಯಾರೂ ಇರಲಿಲ್ಲ.

ಆ ವರ್ಷ ನಮ್ಮವರಿಗೆ ಯುದ್ಧಕಾಲದ ಒಂದು ರೇಡಿಯೋ ಹಾಸ್ಯನಾಟಕವನ್ನು ನೇರ ಪ್ರಸಾರದಲ್ಲಿ ಮತ್ತೆ ಆಡಿಸುವ ಹುಮ್ಮಸ್ಸು ಬಂತು. ಸೈನಿಕರನ್ನು ನಗಿಸಲೆಂದು ಬರೆದ ನಾಟಕ. ಅದರ ಕೊನೆಯಲ್ಲಿ ಪಡಿತರದ ಸಾಲಿಗೆ ಒಂದು ಪಿಶಾಚಿ ಬಂದು ನಿಲ್ಲುತ್ತದೆ. ‘ನಿನಗೇನು ಬೇಕು?’ ಎಂದು ಅಂಗಡಿಯವ ನಡುಗುತ್ತ ಕೇಳುತ್ತಾನೆ. ‘ಕಾಲು ರಾತಲು ಸಕ್ಕರೆ’ ಎನ್ನುತ್ತದೆ ಪಿಶಾಚಿ. ಆ ಪಾತ್ರಕ್ಕೆ ಅತಿಥಿಯಾಗಿ ಬಂದವರು ಪಾಕ್ ಹಮ್ದಾನ್, ಮಲಯ್ ಭಯಾನಕ ಚಿತ್ರಗಳ ನಿವೃತ್ತ ತಾರೆ; ‘ಪಾಕ್’ ಎಂದರೆ ಅಲ್ಲಿ ಹಿರಿಯರನ್ನು ಗೌರವದಿಂದ ಕರೆಯುವ ಮಾತು. ವಯಸ್ಸು ಎಪ್ಪತ್ತೆಂಟು.

“ನನ್ನ ಹೆಂಡತಿ ಮೆಲಾಕಾದ ಆಸ್ಪತ್ರೆಯಲ್ಲಿದ್ದಾಳೆ,” ಎಂದರು ಅವರು, ಪ್ರಸಾರದ ದಿನ ಬಂದವರೇ. “ನಾಳೆ ಹೃದಯದ ಆಪರೇಷನ್. ಹೆದರಿಕೆಗೆ ನನ್ನ ಒಂದು ಸಿನಿಮಾನೂ ನೋಡಿದವಳಲ್ಲ. ಇವತ್ತು ರೇಡಿಯೋ ಹಿಡಿದು ಕೂತಿದ್ದಾಳೆ. ನಗಿಸಲೇಬೇಕಪ್ಪ.”

ಪ್ರತಿ ಕೇಂದ್ರದಲ್ಲೂ ಸೈಲೆನ್ಸ್ ಡಿಟೆಕ್ಟರ್ ಎಂಬ ಒಂದು ಯಂತ್ರವಿರುತ್ತದೆ. ಹತ್ತು ಸೆಕೆಂಡು ಸದ್ದಿಲ್ಲದಿದ್ದರೆ ಸ್ಟುಡಿಯೋ ಸತ್ತಿದೆಯೆಂದು ತೀರ್ಮಾನಿಸಿ, ಮೊದಲೇ ತುಂಬಿಟ್ಟ ಕಾರ್ಯಕ್ರಮವನ್ನು ತಾನೇ ಹಾಕುತ್ತದೆ. ನಮ್ಮದರಲ್ಲಿ ಡೆಂಗಿ ಸೊಳ್ಳೆಯ ಕುರಿತು ಎರಡು ನಿಮಿಷದ ಉಪದೇಶವಿತ್ತು. ಶುರುವಾದರೆ ಮುಗಿಯುವವರೆಗೆ ನಿಲ್ಲದು.

ರಿಹರ್ಸಲ್‌ನಲ್ಲಿ ಪಾಕ್ ಹಮ್ದಾನ್ ಆ ಸಾಲನ್ನು ಸರಕ್ಕನೆ ಓದಿ ಮುಗಿಸಿದ್ದರು. ನಾನೂ ನನ್ನ ಪ್ರತಿಯಲ್ಲಿ ಅಲ್ಲಿ ವಿರಾಮವಿಲ್ಲವೆಂದೇ ಗುರುತು ಹಾಕಿಕೊಂಡೆ. ಅವರ ಕಾಲದ ನಟರು ಖಾಲಿ ಕುರ್ಚಿಗಳ ಮುಂದೆ ಅಭಿನಯ ಪೋಲು ಮಾಡುವುದಿಲ್ಲವೆಂದು ನನಗೆ ಹೊಳೆಯಲಿಲ್ಲ.

ಪ್ರಸಾರದ ದಿನ ಎದುರಿಗೆ ನಲವತ್ತು ಜನ ಕೂತಿದ್ದರು. ಅಂಗಡಿಯವ ಕೇಳಿದ. ಪಾಕ್ ಹಮ್ದಾನ್ ಕಣ್ಣು ಮುಚ್ಚಿ ನಿಂತರು. ಮೂರು ಸೆಕೆಂಡು. ಸಭಿಕರು ಉಸಿರು ಬಿಗಿಹಿಡಿದರು; ಒಬ್ಬ ಕೆಮ್ಮಿದ್ದರೂ ಸಾಕಿತ್ತು. ಸದ್ದು ಅಳೆಯುವ ಮೀಟರಿನ ಮುಳ್ಳು ಮಲಗಿಬಿಟ್ಟಿತು. ಐದು.

“ಮರತಾರೇನ್ರೀ ಸರ್?” ಗಾಜಿನ ಈಚೆ ನನ್ನ ಪಕ್ಕದಲ್ಲಿದ್ದ ನಿರ್ಮಾಪಕಿ, ಧಾರವಾಡದ ರುಕ್ಸಾನಾ, ಪಿಸುಗುಟ್ಟಿದಳು.

“ಗೊತ್ತಿಲ್ಲಮ್ಮ.”

“ಸಂಗೀತ ಬಿಡ್ರಿ ಮತ್ತ. ಮಾನ ಹೋಗತೈತಿ.”

“ಬಿಟ್ಟರೆ ಅವರ ಮಾತೇ ಮುಳುಗುತ್ತೆ.”

ಯಂತ್ರವನ್ನು ನಿಲ್ಲಿಸಲು ಒಂದು ಕೀಲಿಯಿತ್ತು. ‘ಪ್ರಸಾರದ ನಡುವೆ ಇದನ್ನು ಮುಟ್ಟಿದವರನ್ನು ಮನೆಗೆ ಕಳಿಸಲಾಗುವುದು’ ಎಂಬ ಫಲಕ ಅದರ ಮೇಲಿತ್ತು. ಬರೆಸಿದವನು ನಾನೇ. ಎಂಟನೆಯ ಸೆಕೆಂಡಿಗೆ ಕೀಲಿ ತಿರುಗಿಸಿದೆ.

ನಿಜವಾದ ಭಯ ಹುಟ್ಟಿದ್ದು ಅನಂತರ. ಹತ್ತು ದಾಟಿತು. ಇನ್ನು ನಮ್ಮನ್ನು ಕಾಯಲು ಸೊಳ್ಳೆಯೂ ಇರಲಿಲ್ಲ. ನಿಂತಲ್ಲೇ ಅವರಿಗೆ ಏನಾದರೂ ಆಯಿತೇ? ಮೆಲಾಕಾದಲ್ಲಿ ಆ ದುರ್ಬಲ ಹೃದಯ ಈ ಮೌನವನ್ನೇ ಕೇಳುತ್ತಿತ್ತು. ಹನ್ನೆರಡು. ರುಕ್ಸಾನಾಳ ಉಗುರು ನನ್ನ ತೋಳಿಗಿಳಿಯಿತು. ಹದಿಮೂರು.

ಪಾಕ್ ಹಮ್ದಾನ್ ಕಣ್ಣು ತೆರೆದರು. “ಕಾಲು ರಾತಲು… ಸಕ್ಕರೆ.”

ನಲವತ್ತು ಜನರ ನಗೆಗೆ ಮುಳ್ಳು ಕೆಂಪು ಗೆರೆಗೆ ಹೋಗಿ ಬಡಿಯಿತು.

ಆಮೇಲೆ ನಮ್ಮ ಕೋಣೆಗೆ ಬಂದ ಪಾಕ್ ಹಮ್ದಾನ್ ಬೆವರಿನಲ್ಲಿ ತೊಯ್ದಿದ್ದರು. “ಅದು ಅಭಿನಯವೋ ಮರೆವೋ, ಪಾಕ್?” ಎಂದೆ.

“ಮೊದಲ ಐದು ಸೆಕೆಂಡು ಅಭಿನಯ. ಆಮೇಲೆ ಅಕ್ಕಿಯೋ ಸಕ್ಕರೆಯೋ ನೆನಪಾಗಲಿಲ್ಲ.”

ಅಷ್ಟರಲ್ಲಿ ಅವರಿಗೆ ಹೆಂಡತಿಯ ಫೋನು ಬಂತು. ಕೇಳಿಸಿಕೊಂಡು, ಮುಖ ಒರೆಸಿಕೊಂಡು ನಮ್ಮತ್ತ ತಿರುಗಿದರು. “ಐವತ್ತು ವರ್ಷ ನೀನು ಜನರನ್ನ ಹೆದರಿಸಿದ್ದು ಇಷ್ಟರಲ್ಲೇನಾ ಅಂತ ನಗ್ತಾ ಇದ್ದಾಳೆ.”

ಯಂತ್ರಕ್ಕೆ ಮೌನವೆಲ್ಲ ಒಂದೇ; ಅದನ್ನು ದೂರುವಂತಿಲ್ಲ. ವಿಚಾರಿಸಬೇಕಾದ್ದು ಮನುಷ್ಯರನ್ನು. ಅಂದಿನಿಂದ ಪ್ರತಿ ನಟನನ್ನೂ ‘ಎಲ್ಲೆಲ್ಲಿ, ಎಷ್ಟು ಹೊತ್ತು ಸುಮ್ಮನಿರುತ್ತೀರಿ?’ ಎಂದು ಮೊದಲೇ ಕೇಳಿ ಬರೆದುಕೊಳ್ಳುತ್ತಿದ್ದೆ. ನಿವೃತ್ತನಾಗುವವರೆಗೂ ಒಬ್ಬನೂ ಸರಿಯಾದ ಉತ್ತರ ಕೊಡಲಿಲ್ಲ. ಆದರೂ ಕೇಳುವುದನ್ನು ಬಿಡಲಿಲ್ಲ.