ನೆರಳಮ್ಮ ತೆರೆದ ಬಾಟಲಿ

ಬೆಳಿಗ್ಗೆ ಎದ್ದವಳೇ ಆಕೆ ಎರಡೂ ಕೈಗಳನ್ನು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಾಳೆ. ಒರೆಸಿಕೊಂಡು, ಅಂಗೈ ತಿರುವಿ ನೋಡಿ, "ದೇವರೇ, ಇವತ್ತು ಈ ಕೈಯಿಂದ ಯಾರಿಗೂ ಕೇಡಾಗದಿರಲಿ" ಎಂದು ತುಟಿಯಲ್ಲೇ ಅಂದುಕೊಳ್ಳುತ್ತಾಳೆ. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿದ್ದಾಗ ಬಂದ ಅಭ್ಯಾಸ. ಆ ಕೆಲಸದಿಂದ ನಿವೃತ್ತಳಾಗಿ ಎಷ್ಟೋ ಕಾಲವಾದರೂ ಬಿಟ್ಟಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಸೊಸೆಯ ಕೈಲಿ ಚೊಂಬು ನೀರು ತರಿಸಿಕೊಂಡು ಹಾಸಿಗೆಯ ಪಕ್ಕದಲ್ಲೇ ಕೈ ತೊಳೆದವಳು.

"ಅತ್ತೆ, ದೇವರಿಗೆ ನಿಮ್ಮ ಮುಖ ಮರೆತರೂ ಸೋಪಿನ ವಾಸನೆ ಮರೆಯಲ್ಲ ಬಿಡಿ" ಎಂದು ಸೊಸೆ ನಗುತ್ತಾಳೆ.

ಈಗ ಆಕೆಯ ಕೆಲಸ ನೆರಳಿನಂತೆ ಹಿಂಬಾಲಿಸುವುದು. ಕಾಲೇಜುಗಳ ಕ್ರೀಡಾಕೂಟದಲ್ಲಿ ಗೆದ್ದವರ ಮೂತ್ರ ತೆಗೆದುಕೊಂಡು, ಅದರಲ್ಲಿ ನಿಷೇಧಿತ ಮದ್ದು ಇದೆಯೇ ಎಂದು ಪರೀಕ್ಷೆ ಮಾಡುತ್ತಾರಲ್ಲ, ಆ ತಂಡದವರು ಹುಡುಗಿಯರ ಜೊತೆಗಿರಲು ಈಕೆಯನ್ನು ಕರೆಸುತ್ತಾರೆ. ಗೆದ್ದ ಗಳಿಗೆಯಿಂದ ಸೀಸೆಗೆ ಮುದ್ರೆ ಬೀಳುವವರೆಗೆ ಹುಡುಗಿಯ ಬೆನ್ನು ಬಿಡುವ ಹಾಗಿಲ್ಲ. ಅವಳು ಮುಖ ಒರೆಸಿಕೊಂಡರೂ ನೋಡುತ್ತಿರಬೇಕು. ಶೌಚಾಲಯದ ಒಳಗೂ ಹೋಗಬೇಕು, ಕಣ್ಣೆದುರೇ ಸೀಸೆ ತುಂಬಬೇಕು. ಬಟ್ಟೆಯೊಳಗೆ ಇನ್ನೊಬ್ಬರ ಮೂತ್ರದ ಚೀಲ ಅಡಗಿಸಿಕೊಂಡು ಬಂದವರೂ ಇದ್ದಾರಂತೆ. ಹುಡುಗಿಯರು ಆಕೆಗೆ ನೆರಳಮ್ಮ ಎಂದು ಹೆಸರಿಟ್ಟಿದ್ದರು. "ನೆರಳಮ್ಮ ಬಂದ್ಲು ಕಣ್ರೇ, ಚಿಲಕ ಹಾಕಿದ್ರೂ ಒಳಗೇ ಇರ್ತಾಳೆ" ಎಂದು ಹಿಂದಿನಿಂದ ಕಿಸಕ್ಕನೆ ನಗುತ್ತಿದ್ದರು. ಆಕೆಗೆ ಬೇಸರವಿರಲಿಲ್ಲ. ನಾಚಿಕೆಯ ಜಾಗದಲ್ಲಿ ನಗು ಇದ್ದರೆ ಒಳ್ಳೆಯದೇ.

ನಿಯಮಗಳಲ್ಲಿ ಒಂದನ್ನು ಪರೀಕ್ಷೆಯ ಡಾಕ್ಟರಮ್ಮ ಪ್ರತಿ ಸಲವೂ ಒತ್ತಿ ಹೇಳುತ್ತಿದ್ದರು. ಕುಡಿಯುವ ನೀರಿನ ಬಾಟಲಿಯನ್ನು ಹುಡುಗಿಯೇ ಆರಿಸಿಕೊಳ್ಳಬೇಕು, ಮುಚ್ಚಳವನ್ನೂ ಅವಳೇ ತೆಗೆಯಬೇಕು. ಬೇರೆಯವರ ಬೆರಳು ತಾಗಿದರೆ, ನಾಳೆ ನೀರಿಗೆ ಏನೋ ಬೆರೆಸಿದರು ಎಂಬ ಮಾತು ಬರುತ್ತದೆ.

ಆ ದಿನ ಉದ್ದ ಜಿಗಿತದಲ್ಲಿ ಗೆದ್ದವಳನ್ನು ಮೈದಾನದವರೆಲ್ಲ ಮಿಡತೆ ಎನ್ನುತ್ತಿದ್ದರು. ಸಣಕಲು ಮೈ, ಅದಕ್ಕೆ ಒಪ್ಪದಷ್ಟು ಉದ್ದದ ಕಾಲು. ಗೆಳತಿಯರು ಅವಳನ್ನು ಎತ್ತಿ ಕುಣಿಸುತ್ತಿದ್ದಾಗ ನೆರಳಮ್ಮ ಹೋಗಿ, "ನಿನಗೆ ಪರೀಕ್ಷೆ ಇದೆ ಮಗಳೇ, ನನ್ನ ಜೊತೆ ಬಾ" ಎಂದಳು. ಹುಡುಗಿಯ ಮುಖದ ಬಣ್ಣವೇ ಇಳಿದುಹೋಯಿತು. ಅವಳ ಕಣ್ಣು ಮೊದಲು ಹುಡುಕಿದ್ದು ತನಗೆ ತರಬೇತಿ ಕೊಡುವ ಕೋಚ್‌ನನ್ನು.

ಪರೀಕ್ಷೆಯ ಕೋಣೆಯಲ್ಲಿ ಒಂದು ಬೆಂಚು, ಬಾಟಲಿಗಳನ್ನು ಮುಳುಗಿಸಿಟ್ಟ ತಣ್ಣೀರಿನ ಟಬ್ಬು, ಪಕ್ಕದಲ್ಲೇ ಶೌಚಾಲಯ. ಒಳಗೆ ಹೋದ ಮಿಡತೆ ಸೀಸೆ ಹಿಡಿದು ಕೂತೇ ಇದ್ದಳು.

"ಅಮ್ಮಾ, ಬರ್ತಾ ಇಲ್ಲ." ದನಿ ಹುಡುಗರ ದನಿಯಂತೆ ಒಡಕಾಗಿತ್ತು.

"ಆತುರ ಯಾಕೆ? ನಾನೇನು ಬಸ್ಸಾ, ತಪ್ಪಿಹೋಗೋಕೆ?"

"ನೀವು ಆ ಕಡೆ ತಿರುಗಿದ್ರೆ ಬರುತ್ತೇನೋ."

"ತಿರುಗೋ ಹಾಗಿದ್ದಿದ್ರೆ ನನ್ನನ್ನ ಯಾಕೆ ಕರೀತಿದ್ರು? ಬಾ, ಇನ್ನೊಂದಿಷ್ಟು ನೀರು ಕುಡಿ."

ಬೆಂಚಿಗೆ ಬಂದು ಕೂತ ಹುಡುಗಿ ಟಬ್ಬಿನಿಂದ ಬಾಟಲಿ ಎತ್ತಿಕೊಂಡಳು. ಕೈ ಗಡಗಡ ನಡುಗುತ್ತಿತ್ತು. ಒದ್ದೆ ಮುಚ್ಚಳ ಜಾರಿತು, ಮತ್ತೆ ಹಿಡಿದಳು, ಮತ್ತೆ ಜಾರಿತು. ಹಲ್ಲು ಹಲ್ಲಿಗೆ ಬಡಿಯುವುದು ಕೇಳುತ್ತಿತ್ತು. ವಾರ್ಡಿನಲ್ಲಿ ಅಂಥ ಕೈಗಳಿಗೆ ಎಷ್ಟು ಮುಚ್ಚಳ ತೆಗೆದುಕೊಟ್ಟಿದ್ದಳೋ ನೆರಳಮ್ಮ. ಆಕೆಯ ಕೈ ಆಕೆಯನ್ನು ಕೇಳಲಿಲ್ಲ. ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು. ಕಟಕಟನೆ ಮುದ್ರೆ ಮುರಿಯಿತು. ಹುಡುಗಿಯ ತುಟಿಗೆ ಹಿಡಿದಳು.

ಹುಡುಗಿ ಗಟಗಟನೆ ಕುಡಿಯುತ್ತಿದ್ದಾಗಲೇ ಆಕೆಗೆ ತಾನು ಮಾಡಿದ್ದು ಏನೆಂದು ಹೊಳೆದದ್ದು. ತಲೆ ಎತ್ತಿದರೆ, ಬಾಗಿಲ ಗಾಜಿನಾಚೆ ಕೋಚ್ ನಿಂತಿದ್ದ. ನೋಡಿದ್ದ. ಮೆಲ್ಲಗೆ ನಕ್ಕು ತಲೆ ಆಡಿಸಿದ, ಹಳೆಯ ಪರಿಚಯದವನಂತೆ.

ಸೀಸೆ ತುಂಬಿ ಮುದ್ರೆ ಬೀಳುವ ಮೊದಲೇ ಡಾಕ್ಟರಮ್ಮನಿಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಒಂದು ಮುಚ್ಚಳ ತಾನೇ ಎಂದು ಮನಸ್ಸು ಸಮಾಧಾನ ಹೇಳಿತು.

ಕೆಲವು ವಾರಗಳ ಮೇಲೆ ಡಾಕ್ಟರಮ್ಮನ ಫೋನು ಬಂತು. ಮಿಡತೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದಳು. ಸ್ನಾಯು ಬೆಳೆಸುವ ಮದ್ದು.

"ಕೋಚ್ ತಕರಾರು ತೆಗೆದಿದ್ದಾರೆ, ಅಮ್ಮ. ನೀರಿನ ಬಾಟಲಿ ತೆರೆದದ್ದು ನೀವಂತೆ. ನಿಜಾನಾ?"

"ಹೂಂ" ಎನ್ನುವಷ್ಟರಲ್ಲಿ ಸಾಕಾಯಿತು.

"ತಪ್ಪು ಮಾಡಿದ್ರಿ. ವಿಚಾರಣೆಗೆ ಬಂದು ಹೇಳಿ. ನೀವು ತೆಗೆದಾಗ ಮುದ್ರೆ ಗಟ್ಟಿಯಾಗಿತ್ತೋ, ಸಡಿಲ ಇತ್ತೋ, ಅದರ ಮೇಲೆ ಎಲ್ಲ ನಿಂತಿದೆ. ಆ ಹುಡುಗಿಯದೂ, ನಿಮ್ಮದೂ."

ಅಂದಿನಿಂದ ಗೇಟಿನ ಸದ್ದಾದರೆ ನೆರಳಮ್ಮ ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು. ಅನ್ನ ಕಲಸಿದವಳು ಕಲಸುತ್ತಲೇ ಇರುತ್ತಿದ್ದಳು. ಪ್ರಾರ್ಥನೆಗೆ ಕೂತರೆ ದೇವರ ಹೆಸರಿನ ನಡುವೆ ಆ ಕಟಕಟ ಸದ್ದು ಬರುತ್ತಿತ್ತು.

ಒಂದು ಸಂಜೆ ಕೋಚ್ ಬಂದೇ ಬಂದ. ಚಪ್ಪಲಿ ಹೊರಗೆ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತ. ಬೈಯಲು ಬಂದವನಾಗಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ನೀವು ದೇವರಂಥೋರು ಅಮ್ಮ. ಮಗು ನಡುಗ್ತಿದೆ ಅಂತ ಕೈ ಚಾಚಿದ್ರಿ. ಇನ್ನೊಂದು ಸಲ ಕೈ ಚಾಚಿ, ಅಷ್ಟೇ. ಮುಚ್ಚಳ ಆಗಲೇ ಸಡಿಲ ಇತ್ತು ಅನ್ನಿ. ಯಾರೋ ಏನೋ ಬೆರೆಸಿರಬಹುದು ಅಂತ ಆಗುತ್ತೆ, ಪರೀಕ್ಷೆ ಬಿದ್ದುಹೋಗುತ್ತೆ. ಹುಡುಗಿ ಉಳೀತಾಳೆ. ನೀವೂ ಉಳೀತೀರಿ."

"ನನಗೇನಾಗಿದೆ ಸಾರ್?"

"ಏನೂ ಆಗ್ದೇ ಇರ್ಲಿ ಅಂತಲೇ ನಾನು ಬಂದಿರೋದು. ಮುದ್ರೆ ಗಟ್ಟಿ ಇತ್ತು ಅಂತ ನೀವಂದ್ರೆ, ಹಾಗಾದ್ರೆ ಆಮೇಲೆ ಬೆರೆಸಿದ್ಯಾರು ಅಂತ ನಾನು ಕೇಳ್ಬೇಕಾಗುತ್ತೆ. ಅಲ್ಲಿದ್ದಿದ್ದು ನಿಮ್ಮ ಕೈ ಒಂದೇ." ಅವನ ದನಿ ಒಂದಿಷ್ಟೂ ಏರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಸೊಸೆಯ ಕಡೆ ತಿರುಗಿದ. "ಬಟ್ಟೆ ಕಾರ್ಖಾನೆಯಲ್ಲಿ ಬೆನ್ನು ಮುರ್ಕೋತಿದ್ದೀಯಂತಲ್ಲ ತಂಗಿ. ನಮ್ಮ ಆಟದ ಹುಡುಗೀರ ಹಾಸ್ಟೆಲಿಗೆ ವಾರ್ಡನ್ ಬೇಕು. ಕೂತ್ಕೊಂಡು ಮಾಡೋ ಕೆಲಸ."

ಅವನು ಹೋದಮೇಲೆ ಸೊಸೆ ಬಾಗಿಲು ಹಾಕಿದಳು. "ಒಂದು ಮಾತು ತಾನೇ ಅತ್ತೆ? ಹುಡುಗಿಗೂ ಒಳ್ಳೇದು. ಅವರು ದೊಡ್ಡೋರು, ನಾಳೆ ಪೊಲೀಸರು ನಿಮ್ಮನ್ನ ಹಿಡ್ಕೊಂಡು ಹೋದ್ರೆ? ನಿಮ್ಮ ಮಗ ಲಾರಿ ತಗೊಂಡು ಹೋದ್ರೆ ಯಾವ ಊರಲ್ಲಿರ್ತಾರೋ. ನಾನು ಯಾರ ಹತ್ರ ಓಡ್ಲಿ?"

ನೆರಳಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಮುದ್ರೆ ಗಟ್ಟಿಯಾಗಿತ್ತು, ಮುರಿದದ್ದು ಬೆರಳಿಗೇ ಗೊತ್ತಾಗಿತ್ತು. ಆದರೆ ಒಂದು ಸುಳ್ಳಿನಿಂದ ಒಂದು ಹುಡುಗಿ ಬದುಕುತ್ತಾಳಾದರೆ, ದೇವರು ಕ್ಷಮಿಸುವುದಿಲ್ಲವೇ? ಅದನ್ನೇ ಕೇಳುತ್ತ ಕೂತಳು.

ಮಾರನೆಯ ಮಧ್ಯಾಹ್ನ ಸೊಸೆ ಕೆಲಸಕ್ಕೆ ಹೋಗಿದ್ದಾಗ ಮಿಡತೆಯೇ ಬಂದಳು. ಅಡಿಗೆಮನೆಯ ಹೊಸ್ತಿಲ ಹತ್ತಿರ ಮೊಣಕಾಲು ಮಡಿಚಿ ಕೂತಳು.

"ಕೋಚ್ ಕಳಿಸಿದ್ರು. ಅತ್ತು ಕೇಳು ಅಂದ್ರು."

"ಹಾಗಾದ್ರೆ ಅಳು."

"ಬರ್ತಾ ಇಲ್ಲ."

"ಅಯ್ಯೋ, ನಿನಗೆ ಹೇಳಿದ ಹೊತ್ತಿಗೆ ಯಾವುದೂ ಬರಲ್ಲ ನೋಡು" ಎಂದಳು ನೆರಳಮ್ಮ. ಹುಡುಗಿ ಫಕ್ಕನೆ ನಕ್ಕಳು. ನಕ್ಕವಳು ಹಾಗೇ ಮೊಣಕಾಲಿಗೆ ಮುಖ ಒತ್ತಿಕೊಂಡಳು.

ನೆರಳಮ್ಮ ಸೊಪ್ಪು ಬಿಡಿಸುತ್ತಾ ಕೂತಳು. ಕಟ್ಟು ಅರ್ಧ ಮುಗಿಯುವ ಹೊತ್ತಿಗೆ ಹುಡುಗಿಗೆ ಮಾತು ತಾನಾಗಿ ಬಂತು.

"ಮೊದಲು ಪುಡಿ ಕೊಡ್ತಿದ್ರು, ಶಕ್ತಿಗೆ ಅಂತ. ಆಮೇಲೆ ಸೂಜಿ. ಕೇಳಿದ್ರೆ, ನಿನಗೆ ಜಿಗಿಯೋದು ಬೇಕೋ ಪ್ರಶ್ನೆ ಬೇಕೋ ಅಂತಾರೆ. ತಿಂಗಳದ್ದು ನಿಂತುಹೋಗಿದೆ ಅಮ್ಮ. ಗದ್ದದ ಮೇಲೆ ಕೂದಲು, ದಿನಾ ಕೀಳ್ತೀನಿ. ಮಲಗಿದ್ರೆ ಎದೆ ಎಷ್ಟು ಜೋರಾಗಿ ಹೊಡ್ಕೊಳ್ಳುತ್ತೆ ಅಂದ್ರೆ, ಪಕ್ಕದ ಮಂಚದೋಳಿಗೆ ಕೇಳುತ್ತೇನೋ ಅನ್ಸುತ್ತೆ."

"ಬೇಡ ಅಂದುಬಿಡಬಾರದಾ?"

"ಬೇಡ ಅಂದ್ರೆ ಹಾಸ್ಟೆಲಿಲ್ಲ. ಹಾಸ್ಟೆಲಿಲ್ಲ ಅಂದ್ರೆ ಕಾಲೇಜಿಲ್ಲ. ಈಗ ತಪ್ಪು ಸಾಬೀತಾದ್ರೆ ವರ್ಷಗಟ್ಟಲೆ ಮೈದಾನಕ್ಕೆ ಕಾಲಿಡೋ ಹಾಗಿಲ್ಲ. ಅಪ್ಪ ಮನೆಗೆ ಸೇರಿಸ್ತಾರೋ ಇಲ್ವೋ. ಅದು ಭಯ." ಬಿದ್ದಿದ್ದ ಸೊಪ್ಪಿನ ದಂಟೊಂದನ್ನು ಎತ್ತಿ ಮುರಿದಳು. "ನೀವು ಸಡಿಲ ಇತ್ತು ಅಂದ್ರೆ ನಾನು ಉಳೀತೀನಿ. ಉಳಿದ್ರೆ ಮತ್ತೆ ಸೂಜಿ. ಅದು ಅದಕ್ಕಿಂತ ಭಯ."

"ನಾನೇನು ಹೇಳ್ಲಿ? ನೀನೇ ಹೇಳು ಮಗಳೇ."

"ನನಗೆ ಗೊತ್ತಾಗಲ್ಲ ಅಮ್ಮ. ಅತ್ತು ಕೇಳ್ದೆ ಅಂತ ಕೋಚಿಗೆ ಹೇಳ್ತೀನಿ. ನೀವೂ ಹಾಗೇ ಹೇಳಿ."

ಏಳುವಾಗ ತೂರಾಡಿದ ಹುಡುಗಿಯನ್ನು ನೆರಳಮ್ಮ ಬೆನ್ನಿಗೆ ಕೈ ಕೊಟ್ಟು ಹಿಡಿದಳು. ತೆಳು ಅಂಗಿಯ ಕೆಳಗೆ ಆ ಎದೆ ಬಡಿತ ಅಂಗೈಗೆ ತಾಗಿತು. ಬಲೆಗೆ ಬಿದ್ದ ಹಕ್ಕಿಯನ್ನು ಹಿಡಿದಂತಾಗಿ ಆಕೆಯ ಮೈ ಜುಮ್ಮೆಂದಿತು. ಈ ಮಗುವನ್ನು ಉಳಿಸುವುದೆಂದರೆ ಯಾವುದಕ್ಕೆ ಉಳಿಸಿಕೊಡುವುದು, ಆ ಸೂಜಿಗೇ?

ಸಂಜೆ ಎಲ್ಲವನ್ನೂ ಸೊಸೆಗೆ ಹೇಳಿದಳು. ಸೊಸೆ ಬೆನ್ನಿಗೆ ದಿಂಬು ಒತ್ತಿಕೊಂಡು ಕೇಳಿದಳು. ಎಲ್ಲ ಮುಗಿದ ಮೇಲೆ, "ಆ ಹಾಸ್ಟೆಲಿಗೆ ನಾನು ಸೇರಿದ್ರೆ, ಅವರು ಸೂಜಿ ಹಿಡ್ಕೊಂಡು ಬಂದಾಗ ಬಾಗಿಲು ತೆಗೆಯೋಳು ನಾನೇ ಅಲ್ವಾ ಅತ್ತೆ?" ಎಂದಳು. ಆಮೇಲೆ, "ಆದ್ರೂ ನನಗೆ ಹೆದರಿಕೆ ಆಗ್ತಿದೆ."

"ನನಗೂ ಕಣೇ."

ವಿಚಾರಣೆಯ ದಿನ ನೆರಳಮ್ಮ ಗೇಟು ತೆಗೆದಾಗ ಎದುರಿಗೇ ಕಾರು ನಿಂತಿತ್ತು. ಕೋಚ್ ಇಳಿದು ಬಂದು ಮುಂದಿನ ಬಾಗಿಲು ತೆರೆದು ಹಿಡಿದ. ಹಿಂದಿನ ಸೀಟಿನಲ್ಲಿ ಮಿಡತೆ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು.

"ಬನ್ನಿ ಅಮ್ಮ, ಬಿಸಿಲು ಚುರುಗುಟ್ತಿದೆ. ಒಟ್ಟಿಗೇ ಹೋಗೋಣ. ದಾರೀಲಿ ಒಂದೆರಡು ಮಾತು ಆಡ್ಕೊಂಡ್ರಾಯ್ತು."

ನೆರಳಮ್ಮ ಗೇಟನ್ನು ಹಿಡಿದುಕೊಂಡಳು.

"ಮುದ್ರೆ ಗಟ್ಟಿಯಾಗಿತ್ತು ಸಾರ್. ನಾನು ಮುರಿದಿದ್ದು ತಪ್ಪು. ಎರಡನ್ನೂ ಹೇಳ್ತೀನಿ. ಈ ಮಗು ಮೈಗೆ ಏನಾಗಿದೆ ಅಂತ ನೋಡೋಕೂ ಡಾಕ್ಟರಮ್ಮನಿಗೆ ಹೇಳ್ತೀನಿ."

"ಯೋಚನೆ ಮಾಡಿದ್ದೀರಾ? ನಿಮ್ಮ ಕೆಲಸ ಹೋಗುತ್ತೆ. ಅಷ್ಟಕ್ಕೇ ನಿಲ್ಲಲ್ಲ."

"ಗೊತ್ತು." ಆಕೆ ಹಿಂದಿನ ಸೀಟಿನ ಕಡೆ ನೋಡಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ತಪ್ಪಿಸಲಿಲ್ಲ.

ಕೋಚ್ ಬಾಗಿಲನ್ನು ಇನ್ನೂ ಹಿಡಿದೇ ಇದ್ದ. "ಸುಮ್ನೆ ಹತ್ತಿ ಅಮ್ಮ. ಆಮೇಲೆ ಮಾತಾಡೋಣ."

"ಬೇಡ ಸಾರ್. ಸೊಸೆಗೆ ಆ ಕೆಲಸ ಬೇಡ, ನನಗೆ ಕಾರು ಬೇಡ" ಎಂದಳು ನೆರಳಮ್ಮ. "ನಾನು ಬಸ್ಸಿಗೇ ಬರ್ತೀನಿ."