ಎಡಗಡೆ ಸ್ಟೇರಿಂಗಿನ ವಿನೋದತ್ತಿಗೆ

ಯಲ್ಲಾಪುರದಲ್ಲಿ ಕಾರು ಬಿಡಲು ಬರುವ ಹೆಂಗಸರನ್ನೆಲ್ಲ ಒಂದು ಕಡೆ ನಿಲ್ಲಿಸಿ, ಕಲಿಸಿದ್ದು ಯಾರು ಅಂತ ಕೇಳಿ ನೋಡಿ. ಮುಕ್ಕಾಲು ಪಾಲು ನಮ್ಮ ಅತ್ತಿಗೆಯ ಹೆಸರು ಹೇಳುತ್ತಾರೆ. ಉಳಿದವರು ಗಂಡಂದಿರ ಹತ್ತಿರ ಕಲಿತವರು. ಅವರಿಗೆ ಇವತ್ತಿಗೂ ರಿವರ್ಸ್ ತೆಗೆಯಲು ಬರುವುದಿಲ್ಲ.

ಅತ್ತಿಗೆ ಎಂದರೆ ವಿನೋದಾ, ನನ್ನ ಅಣ್ಣ ಕಮಲಾಕರನ ಹೆಂಡತಿ. ನಾನು ಪರಿಮಳಾ. ಮದುವೆಯ ಗೊಡವೆ ಬೇಡವೆಂದು ಪೋಸ್ಟಾಫೀಸಿನ ಕೆಲಸ ಹಿಡಿದು ತವರಿನಲ್ಲೇ ಉಳಿದವಳು. ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಒಮ್ಮೆ ನಮ್ಮ ಮನೆಗೆ ಬರಬೇಕು. ನನ್ನ ಆಯಿ, ಅಂದರೆ ಅಮ್ಮ, ಸೀತಾ ನಮ್ಮಿಬ್ಬರನ್ನೂ ಒಟ್ಟಿಗೇ ಬೈಯುತ್ತಿದ್ದಳು, ಬೇರೆ ಬೇರೆ ಬೈಯುವಷ್ಟು ಪುರಸೊತ್ತು ಅವಳಿಗಿರಲಿಲ್ಲ.

ಅತ್ತಿಗೆ ಸಿದ್ದಾಪುರದ ಕಡೆಯವಳು. ಸೋದರಮಾವನ ಹಳೆ ಜೀಪಿನಲ್ಲಿ ಕೂತು ಹೈಸ್ಕೂಲು ಮುಗಿಸುವ ಮೊದಲೇ ಕ್ಲಚ್ಚು ಗೇರು ಕಲಿತಿದ್ದಳು. ಹೆಣ್ಣು ನೋಡಲು ಹೋದಾಗ ಆಯಿ, "ಹಾಡು ಬತ್ತನೇ ಕೂಸೆ?" ಎಂದು ಕೇಳಿದರೆ, "ಹಾಡು ಬತ್ತಿಲ್ಲೆ, ಜೀಪು ಬತ್ತು" ಎಂದಿದ್ದಳು. ಅಣ್ಣ ಡ್ರಾಯಿಂಗ್ ಮಾಸ್ತರು. ಸೈಕಲ್ಲನ್ನೂ ನೆಟ್ಟಗೆ ಬಿಡದ ಪ್ರಾಣಿ. ಆ ಮಾತಿಗೇ ಬಿದ್ದುಹೋದ. ತೊಂಬತ್ತರ ದಶಕದ ಶುರುವಿನಲ್ಲಿ ಅತ್ತಿಗೆ ಒಂದು ಹಳೆ ಫಿಯೆಟ್ಟಿನ ನೆತ್ತಿಗೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹಾಕಿದಳು. ಊರು ನಕ್ಕಿತು. ನಕ್ಕವರ ಹೆಣ್ಣುಮಕ್ಕಳೇ ಮೊದಲು ಬಂದು ಸೇರಿದರು.

ಇರಲಿ. ನಾನು ಹೇಳಹೊರಟದ್ದು ಹೊಳ್ಳೆಕಾರಿನ ಸಂಗತಿ.

ಎರಡು ಸಾವಿರನೇ ಇಸವಿಯ ಬೇಸಿಗೆಯಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಅತ್ತಿಗೆ ಕಿರವತ್ತಿಗೆ ಹೋಗಿದ್ದಳು. ಅಲ್ಲೊಂದು ಧಾಬಾದ ಹಿಂದೆ, ಗೊಬ್ಬರದ ಚೀಲಗಳ ಪಕ್ಕ, ಒಂದು ಬಿಳಿ ಕಾರು ನಾಲ್ಕೂ ಟೈರಿನ ಗಾಳಿ ಹೋಗಿ ಕುಸಿದು ಕೂತಿತ್ತು. ಎಂಬತ್ತಮೂರನೇ ಇಸವಿಯ ಬಿಎಂಡಬ್ಲ್ಯು. ಕಾರವಾರದ ಕಡೆ ಕೆಲಸಕ್ಕೆ ಬಂದಿದ್ದ ಪರದೇಶಿ ಇಂಜಿನಿಯರನೊಬ್ಬ ಬಿಟ್ಟುಹೋದದ್ದು, ಹರಾಜಿನಲ್ಲಿ ಕೈ ಬದಲಾಗುತ್ತ ಅಲ್ಲಿಗೆ ಬಂದು ಮುಟ್ಟಿತ್ತು. ಮುಂದುಗಡೆ ಮೂಗಿನ ಹೊಳ್ಳೆಗಳಂತೆ ಎರಡು ಜಾಲರಿ, ಸ್ಟೇರಿಂಗು ಎಡಗಡೆ. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅತ್ತಿಗೆ ಬಾನೆಟ್ಟು ಎತ್ತಿದಳು. ಅದು ನಮ್ಮ ಕಾರುಗಳ ಹಾಗೆ ಗಾಜಿನ ಕಡೆಗೆ ತೆರೆಯದೆ, ಮೂಗಿನ ಕಡೆಗೆ ಮಗುಚಿಕೊಂಡಿತು. ಒಳಗೆ ಆರು ಸಿಲಿಂಡರುಗಳ ಉದ್ದನೆಯ ಇಂಜಿನ್ನು ಓರೆಯಾಗಿ ಮಲಗಿತ್ತು.

"ಪರಿಮಳಾ, ಇದು ಸತ್ತಿದ್ದಿಲ್ಲೆ. ಮನಗಿದ್ದು ಅಷ್ಟೇ" ಎಂದಳು ಅತ್ತಿಗೆ. ಅವಳ ಮುಖ ಬೆಳಗಿತ್ತು. ಹೊಸ ಕೂಸನ್ನು ಎತ್ತಿಕೊಂಡವರ ಮುಖದಲ್ಲಿ ಮಾತ್ರ ನಾನು ಅಂಥ ಕಳೆ ನೋಡಿದ್ದೆ.

ಅವಳ ಬಳೆ ಹೋದವು, ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಕಾರು ಬಂತು. ನಮ್ಮ ಮನೆ ಹೈವೇ ಪಕ್ಕದಲ್ಲೇ. ಕಾರು ನಿಲ್ಲಿಸಲು ಇದ್ದ ಜಾಗ ಒಂದೇ, ಆಯಿಯ ಕೊಟ್ಟಿಗೆಯ ಅರ್ಧ ಭಾಗ. ಆಯಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಹೊಟ್ಟೆಗೆ ಹಿಟ್ಟಿಲ್ದೇ ಇದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದಳು. ದನಕ್ಕೂ ಅದೇ ಅಭಿಪ್ರಾಯವಿದ್ದ ಹಾಗಿತ್ತು, ಮಾರನೆಯ ದಿನ ಕನ್ನಡಿ ನೆಕ್ಕಿ ಮುರಿದುಹಾಕಿತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಹಬ್ಬ! ಬಿರಿದುಹೋದ ನೀರಿನ ಪೈಪಿಗೆ ಮೆಟಡೋರ್ ವ್ಯಾನಿನ ಪೈಪು ಕತ್ತರಿಸಿ ಕೂರಿಸಿದೆವು. ಸಿರಸಿಯ ಲೇತಿನವನಿಂದ ಬುಷ್ಷು ಮಾಡಿಸಿದೆವು. ಸಿಗಲೇಬಾರದು ಎಂಬಂಥ ಸಾಮಾನುಗಳು ಮುಂಬಯಿಯ ಹಳೆ ಬಜಾರಿನಿಂದ ಪಾರ್ಸೆಲ್ಲಾಗಿ ನನ್ನ ಪೋಸ್ಟಾಫೀಸಿಗೇ ಬರುತ್ತಿದ್ದವು. ಪಾರ್ಸೆಲ್ಲು ಬಂದ ದಿನ ನಾನು ಸಂಜೆಯವರೆಗೆ ಕಾಯಲಾರದೆ ಊಟದ ಬಿಡುವಿನಲ್ಲೇ ಮನೆಗೆ ಓಡುತ್ತಿದ್ದೆ. ವೈರಿಂಗ್ ನೋಡಲು ಕಿರವತ್ತಿಯಿಂದ ಲಾರಿ ಇಲೆಕ್ಟ್ರಿಷಿಯನ್ ಶಿವಪುತ್ರಪ್ಪ ಬರುತ್ತಿದ್ದ. ಮೊದಮೊದಲು ಅವನು ತಂತಿಗಳನ್ನು ನೋಡಿ, "ಅಕ್ಕಾರ, ಇದನ್ನ ಮಾಡಿದಾಂವಗ ಮನಿ ಮಠ ಇದ್ದಿಲ್ಲ ಕಾಣ್ತದರೀ" ಎಂದು ತಲೆ ಕೆರೆದುಕೊಂಡಿದ್ದ. ಕೊನೆಗೊಂದು ದಿನ ಅತ್ತಿಗೆ ಕೀಲಿ ತಿರುಗಿಸಿದಾಗ ಇಂಜಿನ್ನು ಒಮ್ಮೆ ಕೆಮ್ಮಿ, ಎರಡನೆಯ ಸಲಕ್ಕೆ ಹಿಡಿದುಕೊಂಡಿತು. ಸಣ್ಣಗೆ, ದುಂಡಗೆ, ಒಂದೇ ಶ್ರುತಿಯಲ್ಲಿ ದನಿ ಬಂತು. ಶಿವಪುತ್ರಪ್ಪ ಕೂಗಿಯೇಬಿಟ್ಟ: "ಇಂಜಿನ್ ಅಲ್ರೀ ಅಕ್ಕಾರ ಇದು, ತಂಬೂರಿ ಐತ್ರಿ!" ನಾನು ಕುಣಿದೆ. ನಾಚಿಕೆಯಿಲ್ಲದೆ ಕುಣಿದೆ.

ಆ ಕಾರಿನಲ್ಲಿ ಕೂತವರಿಗಷ್ಟೇ ಗೊತ್ತು. ಫಿಯೆಟ್ಟು ಓಡುವುದು ನಾವು ದೇವರಿಗೆ ಹೇಳಿಕೊಳ್ಳುವುದರಿಂದ. ಇದಕ್ಕೆ ದೇವರ ನೆನಪೇ ಬೇಡ. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು, ಕಾಡು ಎರಡೂ ಬದಿಯಿಂದ ಹಸಿರು ಗೆರೆಯಾಗಿ ಹಿಂದೆ ಸರಿಯುತ್ತಿತ್ತು. "ಇನ್ನೂ, ಅತ್ತಿಗೆ, ಇನ್ನೂ!" ಎಂದು ನಾನು ಅರಚುತ್ತಿದ್ದೆ.

ಒಂದೇ ತೊಡಕು. ಎಡಗಡೆ ಕೂತು ಬಿಡುವವರಿಗೆ ಮುಂದಿರುವ ಲಾರಿಯ ಆಚೆಯ ರಸ್ತೆ ಕಾಣುವುದಿಲ್ಲ. ಬಲಗಡೆ ಕೂತವರು ಇಣುಕಿ ನೋಡಿ ಹೇಳಬೇಕು, ಎದುರಿನಿಂದ ಏನಾದರೂ ಬರುತ್ತಿದೆಯೇ ಇಲ್ಲವೇ ಎಂದು. ಆ ಕೆಲಸ ಸಾಮಾನ್ಯವಾಗಿ ನನ್ನದು. ಅಣ್ಣನನ್ನು ಕೂರಿಸಿದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಎರಡು ಸಾವಿರದ ಮೂರರ ಮೇ ತಿಂಗಳಲ್ಲಿ ಗುಳ್ಳಾಪುರದಲ್ಲಿ ಒಂದು ಮದುವೆ. ಅತ್ತಿಗೆ ಆಯಿಯನ್ನು ಅದರಲ್ಲೇ ಕರೆದುಕೊಂಡು ಹೋದಳು. ಬರುವಾಗ ಅರಬೈಲು ಘಟ್ಟದ ನಟ್ಟನಡುವೆ, ಟ್ಯಾಂಕಿನ ಕಸ ಪೆಟ್ರೋಲಿನ ಪೈಪಿಗೆ ಕಟ್ಟಿ ಕಾರು ನಿಂತಿತು. ಲಾರಿ ಕ್ಲೀನರುಗಳ ಜೊತೆ ಆಯಿಯೂ ರೇಷ್ಮೆ ಸೀರೆ ಎತ್ತಿಕಟ್ಟಿ ನೂಕಿದಳು. ಮಸಿ ಮೆತ್ತಿದ ಅವಳ ಮುಖವನ್ನು ಮದುವೆಯಿಂದ ವಾಪಸಾಗುತ್ತಿದ್ದ ಬಸ್ಸಿನ ನೆಂಟರಿಷ್ಟರೆಲ್ಲ ಕಿಟಕಿಯಿಂದ ನೋಡಿದರು.

ಮನೆಗೆ ಬಂದವಳೇ ಆಯಿ ದೇವರ ಮುಂದೆ ನಿಂತಳು. "ವಿನೋದಾ, ಕೇಳು. ವಿಜಯದಶಮಿ ದಿನ ಆನು ಇದ್ರಲ್ಲಿ ಕೂತು ಅರಬೈಲು ಹತ್ತವು. ಹಿಂದಿಂದ ಒಂದು ಕೈ ಮುಟ್ಟಲಾಗ. ಮುಟ್ಚೋ, ಕಾರು ಗುಜರಿಗೆ, ಕೊಟ್ಟಿಗೆ ದನಕ್ಕೆ."

"ಆತು ಅತ್ತೆ" ಎಂದು ಅತ್ತಿಗೆ ದೀಪ ಮುಟ್ಟಿದಳು. ಯಾರೂ ನೂಕದೆ ಕಾರು ಘಟ್ಟ ಹತ್ತದಿದ್ದರೆ ಗುಜರಿಯೇ ಗತಿ ಎಂದು ಆಯಿಯೂ ಮುಟ್ಟಿದಳು. ನಮ್ಮ ಮನೆಯಲ್ಲಿ ದೀಪ ಮುಟ್ಟಿ ಆಡಿದ ಮಾತನ್ನು ಯಾರೂ ತಿರುಗಿ ತೆಗೆದುಕೊಳ್ಳುವಂತಿಲ್ಲ. ನನಗೆ ಆಯಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಎರಡು ದಿನ ಅವಳ ಕೈಯ ಚಾ ಕುಡಿಯಲಿಲ್ಲ.

ಅತ್ತಿಗೆ ಇಡೀ ಮಳೆಗಾಲ ಕೊಟ್ಟಿಗೆಯಲ್ಲೇ ಕಳೆದಳು. ಟ್ಯಾಂಕು ಇಳಿಸಿ ತೊಳೆದಳು, ಪಂಪು ಬದಲಿಸಿದಳು. ದನಕ್ಕೆ ಹುಲ್ಲು ಹಾಕಲು ಬಂದ ಆಯಿ ಅಲ್ಲೇ ನಿಂತು, ಇದು ಎಂತ, ಅದು ಎಂತಕ್ಕೆ ಎಂದು ಕೇಳುತ್ತಿದ್ದಳು. ಅತ್ತಿಗೆ ಹೇಳುತ್ತಿದ್ದಳು. ಒಂದು ಸಲ ಗಾಳಿಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿನ ಸಣ್ಣ ಬಾಗಿಲು ತೋರಿಸಿದಳು. ಕಾಲು ಒತ್ತಿದಾಗ ಇಂಜಿನ್ನು ಗಾಳಿ ಎಳೆದುಕೊಳ್ಳುತ್ತದೆ, ಈ ಬಾಗಿಲು ಎಷ್ಟು ತೆರೆಯುತ್ತದೋ ಅಷ್ಟು ಪೆಟ್ರೋಲು ಒಳಗೆ ಹೋಗುತ್ತದೆ. "ಕಾರಿನ ಉಸ್ರು ಇಲ್ಲೇ, ಅತ್ತೆ" ಎಂದಳು. ಆಯಿ ಹೊಟ್ಟೆಯಲ್ಲಿ ಹಗೆ ಇಟ್ಟುಕೊಂಡು ಗುಟ್ಟು ತಿಳಿಯುತ್ತಿದ್ದಾಳೆ ಎಂದೇ ನಾನು ಭಾವಿಸಿದ್ದೆ.

ಆಯುಧ ಪೂಜೆಯ ಹಿಂದಿನ ದಿನ ನಾವಿಬ್ಬರೂ ಅರಬೈಲು ಹತ್ತಿ ನೋಡಿದೆವು. ಹೇಗೆ ಹತ್ತಿತು ಅಂತೀರಿ! ತುದಿ ಮುಟ್ಟಿದಾಗ ಇಬ್ಬರಿಗೂ ನಗು ತಡೆಯಲಿಲ್ಲ. ಗೆದ್ದೇಬಿಟ್ಟೆವು ಅಂದುಕೊಂಡೆವು.

ಪೂಜೆಯ ದಿನ ಕಾರು ತೊಳೆದು ಚೆಂಡು ಹೂವಿನ ಮಾಲೆ ಹಾಕಿದೆವು. ಗಾಳಿಯ ಫಿಲ್ಟರನ್ನು ಅತ್ತಿಗೆ ಧೂಳು ಕೊಡವಿ ಬಿಸಿಲಿಗಿಟ್ಟಿದ್ದಳು. ಗಾಳಿಪೆಟ್ಟಿಗೆ ತೆರೆದೇ ಇತ್ತು. ಮುಚ್ಚಿಟ್ಟರೆ ದೇವರಿಗೆ ಇಂಜಿನ್ನು ಕಾಣುವುದು ಹೇಗೆ ಎಂದು ಆಯಿ ಬಾನೆಟ್ಟನ್ನೂ ತೆರೆದಿಡಿಸಿದಳು. ಸ್ಪ್ಯಾನರುಗಳಿಗೆ ಕುಂಕುಮ ಹಚ್ಚಿ, ಮಂಗಳಾರತಿ ಮಾಡಿ, ಎಲ್ಲರೂ ಅಕ್ಷತೆ ಹಾಕಿದೆವು. ಪೂಜೆಯಾದ ಮೇಲೆ ದಶಮಿಯ ಬೆಳಿಗ್ಗೆಯವರೆಗೆ ಆಯುಧ ಮುಟ್ಟುವಂತಿಲ್ಲ, ಗಾಡಿ ಹೊರಡಿಸುವಂತಿಲ್ಲ. ಹಾಗಾಗಿ ಮಾರನೇ ಬೆಳಿಗ್ಗೆ ಫಿಲ್ಟರು ಕೂರಿಸಿ ಮುಚ್ಚಳ ಹಾಕಿ ಸೀದಾ ಹೊರಟದ್ದೇ.

ಅಣ್ಣ ಮುಂದೆ, ಆಯಿ ಮತ್ತು ನಾನು ಹಿಂದೆ. ಆಯಿ ಹೆದರದಿರಲಿ ಎಂದು ಅತ್ತಿಗೆ ನಿಧಾನಕ್ಕೆ ಬಿಟ್ಟಳು. ಘಟ್ಟ ಇಳಿದು ಗುಳ್ಳಾಪುರದಲ್ಲಿ ತಿರುಗಿಸಿದೆವು. ಏರು ಶುರುವಾಗಿ ಅತ್ತಿಗೆ ಕಾಲು ಒತ್ತಿದಳು ನೋಡಿ, ಕಾರು ಮುಗ್ಗರಿಸಿತು. ಒತ್ತಿದಷ್ಟೂ ಉಸಿರು ಕಟ್ಟಿದಂತೆ ಗೊರಗೊರ ಎಂದಿತು. ಎರಡು ತಿರುವು ತೆವಳಿ, ಮೂರನೆಯದರಲ್ಲಿ ಪಕ್ಕಕ್ಕೆ ನಿಂತಿತು.

ಅತ್ತಿಗೆ ಇಳಿದು ಪೆಟ್ರೋಲು ನೋಡಿದಳು, ಸರಿಯಿತ್ತು. ಪ್ಲಗ್ಗಿನ ಕಿಡಿ ನೋಡಿದಳು, ಸರಿಯಿತ್ತು. ಮತ್ತೆ ಸ್ಟಾರ್ಟ್ ಮಾಡಿದರೆ ನಿಂತಲ್ಲೇ ಚೆನ್ನಾಗಿ ಓಡುತ್ತದೆ, ಕಾಲು ಒತ್ತಿದರೆ ಸಾಯುತ್ತದೆ. ಅಷ್ಟರಲ್ಲಿ ಬಾಳೆಕಂಬ ಕಟ್ಟಿಕೊಂಡಿದ್ದ ಅದಿರಿನ ಲಾರಿಯೊಂದು ನಿಂತಿತು. ನಾಲ್ಕು ಜನ ಹಾರಿ ಇಳಿದು, "ಕೂತ್ಕೊಳ್ರಿ ಅಕ್ಕಾರ, ತಳ್ಳಿ ಬಿಡ್ತೀವಿ" ಎನ್ನುತ್ತ ಡಿಕ್ಕಿಯ ಮೇಲೆ ಕೈಯಿಡಲು ಬಂದರು. ಅತ್ತಿಗೆ ಬೇಡ ಎನ್ನಲಿಲ್ಲ. ಸೋತವರ ಹಾಗೆ ರಸ್ತೆ ನೋಡುತ್ತ ನಿಂತಿದ್ದಳು. ನನಗೆ ಅಳು ಒತ್ತಿ ಬಂತು.

"ಮುಟ್ಟಬೇಡಿ!"

ಕೂಗಿದ್ದು ಆಯಿ. ಬಾಗಿಲು ದೂಡಿ ಇಳಿದವಳೇ ಡಿಕ್ಕಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಳು. "ಯಾರೂ ಮುಟ್ಟಬೇಡಿ ನಮ್ಮ ಕಾರಿಗೆ!" ಲಾರಿಯವರು ಕಕ್ಕಾಬಿಕ್ಕಿಯಾಗಿ ಹಿಂದೆ ಸರಿದರು.

ಆಮೇಲೆ ಆಯಿ ಅತ್ತಿಗೆಯ ಕಡೆ ತಿರುಗಿದಳು. ದನಿ ಇಳಿದಿತ್ತು. "ವಿನೋದಾ, ಆ ಉಸ್ರಿನ ಪೆಟ್ಗೆ ತೆಗೆದು ನೋಡೇ. ಆನು ಅದ್ರೊಳಗೆ ಅಕ್ಷತೆ ಹಾಕಿದ್ದೆ."

"ಎಂತಕ್ಕೆ ಅತ್ತೆ?"

"ಎಲ್ಲಾರೂ ಕಾರಿನ ಮೇಲೇ ಹಾಕಿದ್ದ. ಆನು ಒಂದು ಮುಷ್ಟಿ ಉಸ್ರಿಗೇ ಹಾಕ್ದೆ. ಇದು ಹತ್ತಲಿ ಹೇಳಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ದೀಪ ಮುಟ್ಟಿ ಮಾತು ಆಡಿಬಿಟ್ಟಿದ್ದೆ, ವಾಪಸ್ ತಗಂಬಲೆ ಆಗ್ತಿತ್ತಿಲ್ಲೆ. ಇದು ಗುಜರಿಗೆ ಹೋದ್ರೆ ನಿನ್ನ ಮುಖ ಹ್ಯಾಂಗೆ ನೋಡದು ಆನು?"

ಅತ್ತಿಗೆ ಮುಚ್ಚಳ ತೆಗೆದಳು, ಫಿಲ್ಟರು ಎತ್ತಿದಳು. ಆ ಸಣ್ಣ ಬಾಗಿಲನ್ನು ಬೆರಳಿನಿಂದ ಒತ್ತಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಅಂಚಿನಲ್ಲಿ ಕುಂಕುಮದ ಅಕ್ಕಿಕಾಳು ಬೆಣೆ ಹೊಡೆದ ಹಾಗೆ ಸಿಕ್ಕಿಕೊಂಡಿತ್ತು. ನನ್ನ ತಲೆಯಿಂದಲೇ ಹೇರ್‌ಪಿನ್ ಕಿತ್ತು ಅದನ್ನು ಎಬ್ಬಿಸಿದಳು, ಉಳಿದ ಕಾಳುಗಳನ್ನೂ ಆರಿಸಿ ತೆಗೆದಳು. ಬಾಗಿಲು ಸಲೀಸಾಗಿ ಆಡಿತು. ಒಂದು ಮುಷ್ಟಿ ಪ್ರೀತಿಯನ್ನು ಮೂಗಿಗೆ ತುರುಕಿದರೆ ಯಾವ ಜರ್ಮನ್ ಇಂಜಿನ್ನು ತಾನೇ ತಡೆದೀತು!

"ನಿಂಗ ಹಿಂದೆ ಕೂತ್ಕಳಿ" ಎಂದು ಅತ್ತಿಗೆ ಅಣ್ಣನಿಗೆ ಹೇಳಿದಳು. ನಾನು ಮುಂದೆ ಬರಲು ಎದ್ದೆ. "ನೀನಲ್ಲ. ಅತ್ತೆ, ನಿಂಗ ಬನ್ನಿ. ಎದುರಿಗೆ ಎಂತಾರೂ ಬತ್ತಾ ನೋಡಿ ಹೇಳವು."

ಆಯಿ ಬಲಗಡೆ ಕೂತಳು. ಕಾರು ಒಂದೇ ಉಸಿರಿಗೆ ಎದ್ದಿತು. ಆಹಾ, ಆ ಸದ್ದು! ಮುಂದೆ ಅದಿರಿನ ಲಾರಿಗಳ ಸಾಲು, ಎಲ್ಲದರ ಮೂತಿಗೂ ಹೂವು.

"ಅತ್ತೆ, ನೋಡಿ!"

"ಬಸ್ಸು ಬಂತು. ತಡಿ... ತಡಿ... ಹೋತು. ಈಗ ಎಂತದೂ ಇಲ್ಲೆ. ಹೋಗು!"

ಹೋದೆವು. ಒಂದು ಲಾರಿ ಹಿಂದೆ ಬಿತ್ತು, ಇನ್ನೊಂದು ಬಿತ್ತು. ಆಯಿ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ, "ಹೋಗು, ಹೋಗು, ಹೋಗು!" ಎಂದು ನನಗಿಂತ ಜೋರಾಗಿ ಕೂಗುತ್ತಿದ್ದಳು. ಅಣ್ಣ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಘಟ್ಟದ ತುದಿಯಲ್ಲಿ ಅತ್ತಿಗೆ ಪಕ್ಕಕ್ಕೆ ನಿಲ್ಲಿಸಿದಳು. ಯಾರ ಕೈಯೂ ಮುಟ್ಟಿರಲಿಲ್ಲ. "ಗೆದ್ದೆ ಅಲ್ದ ಅತ್ತೆ?" ಎಂದಳು, ಕಣ್ಣು ತುಂಬಿಕೊಂಡು.

ಆಯಿ ಗಾಜಿನಾಚೆ ರಸ್ತೆಯನ್ನೇ ನೋಡುತ್ತಿದ್ದಳು. ಕೆನ್ನೆ ಕೆಂಪಾಗಿತ್ತು, ಉಸಿರು ಏರಿತ್ತು.

"ಇಷ್ಟು ವರ್ಷ ಯಾವ ಗಾಡಿ ಹತ್ತಿದ್ರೂ ಆನು ಹಿಂದೇ ಕೂತಿದ್ದು. ಗಂಡಸರ ತಲೆ ಬಿಟ್ರೆ ಬೇರೆ ಎಂತದೂ ಕಂಡಿತ್ತಿಲ್ಲೆ" ಎಂದಳು. "ರಸ್ತೆ ಹಿಂಗೆ ಮೈಮೇಲೆ ಬತ್ತು ಹೇಳಿ ಯನಗೆ ಗೊತ್ತೇ ಇತ್ತಿಲ್ಲೆ."

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ತಿರುಗ್ಸು. ಕೆಳಗೆ ಹೋಪನ. ಇನ್ನೊಂದ್ಸಲ ಹತ್ತನ."

ಅಣ್ಣ ಇಳಿದುಬಿಟ್ಟ. ನಾವು ಮೂವರು ತಿರುಗಿಸಿಕೊಂಡು ಹೊರಟೆವು.