ಎಮ್ಮೆಗೆಂದು ನೆಟ್ಟ ರೇಷ್ಮೆ ಕಡ್ಡಿ

ನನ್ನ ಹೆಂಡತಿಯ ಎಮ್ಮೆಗೆ ನಾನೆಂದರೆ ಅಷ್ಟಕ್ಕಷ್ಟೆ. ತವರಿನವರು ಬಳುವಳಿ ಕೊಟ್ಟ ಎಮ್ಮೆ ಅದು. ಅವಳು ಕೆಚ್ಚಲಿಗೆ ಕೈ ಹಾಕಿದರೆ ಮಾತ್ರ ಹಾಲು. ನಾನು ಚರಿಗೆ ಹಿಡಿದು ಹೋದರೆ ಒದೆ. ಅವಳು ಊರಿಗೆ ಹೋದ ದಿನ ನಾನು ಅವಳ ಹಳೇ ಸೀರೆ ಸುತ್ತಿಕೊಂಡು ಹಿಂಡಬೇಕಾಗುತ್ತಿತ್ತು. ನಮ್ಮೂರಲ್ಲಿ ಹಾಗೆ ಮಾಡುವ ಗಂಡಸು ನಾನೊಬ್ಬನೇ ಏನಲ್ಲ. ಆದರೂ ಅವಳು ತಿರುಗಿ ಬಂದಮೇಲೆ, "ಸೆರಗು ಚಲೋತ್ನಂಗ ಹೊತ್ಕೊಂಡಿದ್ರಿಲ್ಲೊ?" ಎಂದು ಕೇಳಿ ನಗುವಳು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಬ್ಯಾಡಗಿ ಕಡೆಯ ನಮ್ಮ ಹೊಲದಲ್ಲಿ ಮೆಣಸಿನಕಾಯಿ, ಗೋವಿನಜೋಳ. ಬೇಸಿಗೆಯಲ್ಲಿ ಹಸಿಮೇವು ಕಣ್ಣಿಗೂ ಬೀಳದು. ರಾಣೆಬೆನ್ನೂರು ಕಡೆಯ ಅವಳ ತವರಿನಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹುಳು ತಿಂದು ಬಿಟ್ಟ ಸೊಪ್ಪು ತಿಂದೇ ಅಲ್ಲಿನ ದನಗಳು ಮಿರಮಿರ ಮಿಂಚುತ್ತಿದ್ದವು. ಒಂದು ಮಳೆಗಾಲ ಅವಳು ಅಲ್ಲಿಂದ ಹಿಪ್ಪುನೇರಳೆ ಟೊಂಗೆಗಳ ಹೊರೆಯೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಳು. ಒಂದೊಂದರಲ್ಲೂ ಮೂರು ನಾಲ್ಕು ಚಿಗುರೊಡೆಯುವ ಕಣ್ಣು ಉಳಿಯುವಂತೆ ಕಡ್ಡಿ ಕತ್ತರಿಸಿ, ಕಣ್ಣು ಮೇಲ್ಮುಖವಾಗಿ, ಬದುವಿನುದ್ದಕ್ಕೂ ಓರೆಯಾಗಿ ಊರಿದಳು. ಆಗಲೇ ಅವಳಿಗೆ ಹೊಟ್ಟೆನೋವು ಶುರುವಾಗಿತ್ತು. ನಡುನಡುವೆ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸುತ್ತಿದ್ದಳು.

ಸ್ವಲ್ಪ ದಿನಕ್ಕೇ ಚಿಗುರೊಡೆಯಿತು. ನಾನೋ ಆತುರಗಾರ, ಬೇರು ಬಂದಿದೆಯೇ ಎಂದು ಒಂದನ್ನು ಕೀಳಲು ಹೋದೆ. ಅವಳು ಫಟ್ಟನೆ ಕೈಗೆ ಹೊಡೆದಳು.

"ಕೀಳಬ್ಯಾಡ್ರಿ. ಅದು ಕಡ್ಡ್ಯಾಗಿನ ಕಸುವಿನ ಮ್ಯಾಲೆ ಚಿಗತೈತಿ. ಬೇರು ಇನ್ನೂ ಬಿಟ್ಟಿಲ್ಲ. ಈ ಎಲಿ ನೋಡಿ ಹಿಗ್ಗಬಾರ್ದು."

ನೋವು ಹೆಚ್ಚಾದಾಗ ಹಾವೇರಿಗೆ ಕರೆದುಕೊಂಡು ಹೋದೆ. ಹೊಟ್ಟೆಯೊಳಗೆ ಗಂಟು ಇದೆ ಎಂದರು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಮನೆಗೆ ಬಂದವಳು ರೊಟ್ಟಿ ಕೇಳಿ ತಿಂದಳು, ಮುಖಕ್ಕೆ ಕಳೆ ಬಂತು. ಓಣಿಯವರೆಲ್ಲ, "ಗುಣ ಆತು ಬಿಡ್ರಿ" ಎಂದರು. ನಾನು ಕುಣಿಯುವುದೊಂದು ಬಾಕಿ.

ಆ ಸಂಜೆ ಅವಳ ಹತ್ತಿರ ಕೂತು, "ಈಗ ಆರಾಮ ಅನಸ್ತದಲ್ಲ?" ಎಂದೆ.

ಅವಳು ಹೊಲದ ಕಡೆ ಮುಖ ತಿರುಗಿಸಿದಳು. ಆಮೇಲೆ, "ಬದುವಿನ ಕಡ್ಡಿ ಹೆಂಗದಾವ್ರಿ?" ಎಂದು ಕೇಳಿದಳು.

ಅವಳ ಬೇರಿನ ಮಾತು ನೆನಪಾಗಿ ನನಗೆ ಅರ್ಥವಾಯಿತು. ಎದ್ದು ಹಿತ್ತಲಿಗೆ ಹೋಗಿ ಅತ್ತೆ.

ದಸರೆಗೆ ಮುಂಚೆ ಅವಳು ತೀರಿಕೊಂಡಳು. ಅರ್ಧದಷ್ಟು ಕಡ್ಡಿಗಳು ಚಿಗುರು ಸಮೇತ ಒಣಗಿಹೋದವು. ಉಳಿದವು ಬೇರು ಹಿಡಿದು, ಸಂಕ್ರಾಂತಿ ಹೊತ್ತಿಗೆ ಎದೆಯೆತ್ತರಕ್ಕೆ ಬೆಳೆದು ನಿಂತವು. ನೆಟ್ಟವಳಿಗೆ ಒಂದೆಲೆ ಕೊಯ್ಯುವುದೂ ದಕ್ಕಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ಗಿಡಗಳ ಮೇಲೂ ಸಿಟ್ಟಾದೆ. ಅವು ಬದುಕಿದವು, ಅವಳು ಬದುಕಲಿಲ್ಲ.

ಗಬ್ಬವಾಗಿ, ಅವಳ ಕಾಯಿಲೆಯ ದಿನಗಳಿಂದ ಹಾಲು ಬತ್ತಿದ್ದ ಎಮ್ಮೆ ಅದೇ ವಾರ ಕರು ಹಾಕಿತು. ಇನ್ನು ಹಿಂಡಲೇಬೇಕು. ಮರುದಿನ ಬೆಳಿಗ್ಗೆ ಮೊದಲ ಸಲ ಆ ಸೊಪ್ಪು ಕೊಯ್ದೆ. ಟ್ರಂಕಿನಿಂದ ಅವಳ ಹಳೇ ಸೀರೆ ತೆಗೆದು ಸುತ್ತಿಕೊಂಡೆ. ಸೆರಗು ಹೊದ್ದುಕೊಳ್ಳುವಾಗ ನಗುವವರು ಯಾರೂ ಇರಲಿಲ್ಲ. ಸೊಪ್ಪನ್ನು ಗೋದಲಿಯಲ್ಲಿ ಹಾಕಿ ಎಮ್ಮೆಯ ಪಕ್ಕ ನಿಂತೆ.

ಎಮ್ಮೆ ಸೆರಗನ್ನು ಮೂಸಿತು. ಒದೆಯಲಿಲ್ಲ. ಸೊಪ್ಪನ್ನೂ ಮುಟ್ಟಲಿಲ್ಲ. ಕತ್ತು ಚಾಚಿ, ನನ್ನನ್ನು ದಾಟಿ, ಬಾಗಿಲ ಕಡೆಗೇ ನೋಡುತ್ತ ನಿಂತಿತು.

ನಾನೂ ತಿರುಗಿ ನೋಡಿದೆ.